ಗಂಗವ್ವನ ಜೋಡಿಪೊರೆ

ನಮ್ಮ ಅತ್ತೆ ಗಂಗವ್ವ ವಿಜಯಪುರದ ಅಡುಗೆಮನೆ ಬಿಟ್ಟು ಒಂದು ಹೆಜ್ಜೆ ಆಚೆ ಇಡದೆ, ಒಂದು ಸಂಜೆ ಪೋರ್ಚುಗಲ್ಲಿನಲ್ಲಿ ರೊಟ್ಟಿ ಬಡಿದರು. ಇದನ್ನು ಹೇಳಿದರೆ ಈಗಿನ ಹುಡುಗರು ನನ್ನ ಮುಖವನ್ನೇ ನೋಡುತ್ತಾರೆ. ಮೇಡಂಗೆ ವಯಸ್ಸಾಯಿತು, ಪಾಪ, ಅಂದುಕೊಳ್ಳುತ್ತಾರೋ ಏನೋ. ಅಂದುಕೊಳ್ಳಲಿ. ನಾನು ಕಂಡಿದ್ದನ್ನು ಹೇಳಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ನನ್ನ ಹೆಸರು ನೀಲಾಂಬಿಕಾ ಹಂಚಿನಾಳ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಕಲಿಸುತ್ತಿದ್ದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ವಿಭಾಗಕ್ಕೂ ಪೋರ್ಚುಗಲ್ಲಿನ ಕಡಲತಡಿಯ ಒಂದು ವಿಶ್ವವಿದ್ಯಾಲಯಕ್ಕೂ ಒಪ್ಪಂದವಾಯಿತು. ನ್ಯಾನೋ ವಿಜ್ಞಾನದಲ್ಲಿ ಜಂಟಿ ಪದವಿ, ಜಂಟಿ ಸಂಶೋಧನೆ. ಅಲ್ಲಿಂದ ನಾಲ್ಕು ಮಂದಿ ಬಂದರು, ಇಲ್ಲಿ ಅವರಿಗೆ ಇಳಕಲ್ಲಿನ ಸೀರೆಬಟ್ಟೆಯ ಶಾಲು ಹೊದಿಸಿದೆವು, ಗೋಳಗುಮ್ಮಟ ತೋರಿಸಿದೆವು, ಕಡಕ್ ರೊಟ್ಟಿ ತಿನ್ನಿಸಿದೆವು. ಅವರು ಅದನ್ನು ಬಿಸ್ಕತ್ತು ಅಂದುಕೊಂಡು ಚಹಾದಲ್ಲಿ ಅದ್ದಿದರು. ಆಮೇಲೆ ಸಹಿ, ಫೋಟೋ, ಭಾಷಣ.

ಭಾಷಣ ಮುಗಿದ ಮೇಲೆ ತಾಪತ್ರಯ ಶುರುವಾಯಿತು. ನ್ಯಾನೋ ಲೇಪನ ಅನ್ನುವುದು ಬರೀ ಓದಿ ಕಲಿಯುವ ವಿದ್ಯೆಯಲ್ಲ. ಗಾಜಿನ ತಟ್ಟೆಯನ್ನು ದ್ರಾವಣದಲ್ಲಿ ಮುಳುಗಿಸಿ ಮೇಲೆತ್ತುವಾಗ ಕೈ ಎಷ್ಟು ನಿಧಾನವಾಗಿರಬೇಕು, ಎಲ್ಲಿ ತುಸು ತಡೆಯಬೇಕು, ಯಾವಾಗ ಮಣಿಕಟ್ಟು ಸಡಿಲ ಬಿಡಬೇಕು ಎಂಬುದು ಕೈಯಿಂದ ಕೈಗೆ ಬರಬೇಕು. ಪಕ್ಕದಲ್ಲಿ ನಿಂತು ಕಲಿಸುವವರು ಅಲ್ಲಿ, ಕಲಿಯುವವರು ಇಲ್ಲಿ. ನಮ್ಮ ಹುಡುಗರಿಗೆ ವೀಸಾ ಸಿಗುವಷ್ಟರಲ್ಲಿ ಸೆಮಿಸ್ಟರೇ ಮುಗಿದುಹೋಗುತ್ತಿತ್ತು. ಹಾಗಾದರೆ ಮನುಷ್ಯರು ಇದ್ದಲ್ಲೇ ಇರಲಿ, ಕೈ ಮಾತ್ರ ಪ್ರಯಾಣ ಮಾಡಿದರೆ ಹೇಗೆ ಎಂದು ಯಾರೋ ಕೇಳಿದರು. ಆ ಪ್ರಶ್ನೆಗೆ ಎರಡೂ ಕಡೆಯವರು ಸೇರಿ ಕಂಡುಕೊಂಡ ಉತ್ತರವೇ ಜೋಡಿಪೊರೆ.

ಅದು ಕೈಗವಸಿನ ಹಾಗೆ ತೊಡುವ ಒಂದು ಹಾಳೆ. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗೆ, ಹಾಕಿಕೊಂಡರೆ ಇದೆಯೋ ಇಲ್ಲವೋ ತಿಳಿಯದು. ಮೆದುವಾದ ಪಾಲಿಮರಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಎಳೆಗಳನ್ನು ಹೆಣೆದಿದ್ದೆವು. ತೊಟ್ಟವರ ಕೈ ಬಾಗಿದರೆ ಎಳೆಗಳಲ್ಲಿ ಚೂರು ವಿದ್ಯುತ್ತು ಹುಟ್ಟುತ್ತಿತ್ತು. ಅದು ಮಣಿಕಟ್ಟಿನ ಪಟ್ಟಿಯಿಂದ ಹೊರಟು ನಮ್ಮ ವಿಭಾಗದ ಸರ್ವರಿನ ಮೂಲಕ ದೂರದ ಜೋಡಿಯನ್ನು ತಲುಪಿದರೆ, ಅಲ್ಲಿಯ ಪೊರೆ ಅದೇ ಜಾಗದಲ್ಲಿ ಬಿಗಿದುಕೊಂಡು ಅಲ್ಲಿಯವರ ಕೈಯನ್ನೂ ಹಾಗೆಯೇ ಬಾಗಿಸುತ್ತಿತ್ತು. ಅಲ್ಲಿಂದ ಇಲ್ಲಿಗೂ ಅಷ್ಟೇ. ಒಂದೇ ಪಾತ್ರೆಯ ದ್ರಾವಣದಿಂದ ಎರೆದ ಹಾಳೆಯನ್ನು ಎರಡು ಮಾಡಿ, ಒಂದನ್ನು ಇಲ್ಲಿಟ್ಟು ಇನ್ನೊಂದನ್ನು ಅಲ್ಲಿಗೆ ಕಳಿಸುತ್ತಿದ್ದೆವು. ಒಂದು ಜೋಡಿಯ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ.

ಇನ್ನೊಂದು ಗುಣವಿತ್ತು ಅದಕ್ಕೆ, ನಾವು ಲೆಕ್ಕ ಹಾಕಿರದೇ ಇದ್ದದ್ದು. ಒಂದೇ ಚಲನೆ ದಿನಾಲೂ ಹಾಯ್ದರೆ ಬೆಳ್ಳಿಯ ಎಳೆಗಳು ಆ ದಾರಿಗೆ ಒಗ್ಗಿ ಹಾಗೆಯೇ ಕೂತುಬಿಡುತ್ತಿದ್ದವು. ಕೈ ಒಳಗಿಲ್ಲದೆ ಪೊರೆ ತಾನಾಗಿ ಏನೂ ಮಾಡದು. ಆದರೆ ಕೈ ಇಟ್ಟರೆ, ತನಗೆ ರೂಢಿಯಾದ ಕಡೆಗೆ ಆ ಕೈಯನ್ನು ಮೆತ್ತಗೆ ಎಳೆಯುತ್ತಿತ್ತು.

ನನ್ನ ಪೊರೆಯ ಜೋಡಿ ಇದ್ದದ್ದು ಇನೇಸ್ ಎಂಬ ಹುಡುಗಿಯ ಕೈಯಲ್ಲಿ. ಆಗಿನ್ನೂ ಪಿಎಚ್.ಡಿ. ಮಾಡುತ್ತಿದ್ದಳು. ಕೆದರಿದ ಕೂದಲು, ದೊಡ್ಡ ನಗು, ಯಾವಾಗಲೂ ಏನಾದರೊಂದು ಚೆಲ್ಲುವವಳು. ನಮ್ಮ ಸಂಜೆ ಅವಳಿಗೆ ಮಧ್ಯಾಹ್ನದ ಊಟ ಮುಗಿದ ಹೊತ್ತು. ಆಗ ಅವಳು ಪೊರೆ ತೊಟ್ಟು ತನ್ನ ಮೇಜಿನ ಮುಂದೆ ಕೂರುತ್ತಿದ್ದಳು. ನಾನು ಇಲ್ಲಿ ಕೂರುತ್ತಿದ್ದೆ. ಅವಳು ತಟ್ಟೆ ಎತ್ತಿದರೆ ನನ್ನ ಬೆರಳು ಏಳುತ್ತಿದ್ದವು. ಮೊದಲ ಸಲ ಬೇರೆಯವರ ಕೈ ನನ್ನ ಕೈಯೊಳಗೆ ಬಂದಾಗ ನನಗೆ ಮೈ ಜುಮ್ ಎಂದಿತ್ತು. ಆ ಹಿತ ಈಗಲೂ ನೆನಪಿದೆ.

ಪೊರೆ ಒಣಗಿದರೆ ಬಿರುಕು ಬಿಡುತ್ತಿತ್ತು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಲ್ಲ, ಕರೆಂಟು ಹೋದರೆ ಪ್ರಯೋಗಾಲಯದ ತೇವದ ಪೆಟ್ಟಿಗೆಯೂ ಕೈಕೊಡುತ್ತಿತ್ತು. ಹಾಗಾಗಿ ನಾನು ಪೊರೆಯನ್ನು ಮನೆಗೆ ತಂದು, ವೀಳ್ಯದೆಲೆ ಇಡುವ ಹಾಗೆ ಒದ್ದೆ ಅರಿವೆಯಲ್ಲಿ ಸುತ್ತಿ ನೀರಿನ ಕೊಡದ ಪಕ್ಕ ಇಡುತ್ತಿದ್ದೆ. ಸಂಜೆ ಮತ್ತೆ ಒಯ್ಯುತ್ತಿದ್ದೆ. ಒಂದು ದಿನ ಮೀಟಿಂಗು ಅಂತ ಬೇಗ ಹೋದವಳು ಪೊರೆ ಬಿಟ್ಟುಹೋದೆ.

ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಬೇಕು. ಅತ್ತೆಯ ಅಂಗೈ ಎಷ್ಟೋ ವರ್ಷದಿಂದ ಆ ಬಿಸಿಗೆ ಬೆಂದಿತ್ತು. ಕೊಡದ ಪಕ್ಕ ಒದ್ದೆ ಅರಿವೆಯಲ್ಲಿದ್ದ ಕೈಗವಸು ಕಂಡು, ಇದು ಸೊಸೆ ತನಗಾಗಿ ತಂದದ್ದು, ಹೇಳಲು ನಾಚಿಕೊಂಡಿದ್ದಾಳೆ ಎಂದುಕೊಂಡರು. ತೊಟ್ಟರು. ಪಟ್ಟಿ ಬಿಗಿದರು. ಮೈಶಾಖ ತಾಗಿದರೆ ಸಾಕು, ಅದು ತಾನೇ ಎಚ್ಚರಗೊಳ್ಳುತ್ತಿತ್ತು.

ಅಲ್ಲಿ ಇನೇಸ್ ತನ್ನ ಪೊರೆ ತೊಟ್ಟು ನನಗಾಗಿ ಕಾಯುತ್ತಿದ್ದಳು. ಪಕ್ಕದಲ್ಲಿ ಅವಳ ಪ್ರೊಫೆಸರು, ಸುತ್ತ ವಿದ್ಯಾರ್ಥಿಗಳು. ಇದ್ದಕ್ಕಿದ್ದ ಹಾಗೆ ಅವಳ ಕೈ ಸ್ಟೀಲಿನ ಮೇಜನ್ನು ಟಪಟಪ ಬಡಿಯತೊಡಗಿತು. ಬಡಿಯುತ್ತ ಬಡಿಯುತ್ತ ಕಾಣದ ಯಾವುದನ್ನೋ ಬೆರಳಿನಿಂದ ತಿರುಗಿಸತೊಡಗಿತು. ನನ್ನ ಫೋನು ಹೊಡೆದುಕೊಂಡಿತು.

"ನೀಲಾ, ಇದು ಯಾವ ಪ್ರಯೋಗ? ನಮ್ಮ ಪ್ರೊಫೆಸರು ಟಿಪ್ಪಣಿ ಬರೆದುಕೊಳ್ಳುತ್ತಿದ್ದಾರೆ!" ಎಂದಳು ಇನೇಸ್. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ನಾನು ಮೀಟಿಂಗು ಬಿಟ್ಟು ಸ್ಕೂಟರ್ ಹತ್ತಿ ಮನೆಗೆ ಓಡಿದೆ. ಅಡುಗೆಮನೆಯಲ್ಲಿ ಹಂಚು ಕಾದಿತ್ತು, ಬುಟ್ಟಿಯಲ್ಲಿ ರೊಟ್ಟಿ ಏರುತ್ತಿತ್ತು. ನನ್ನನ್ನು ಕಂಡು ಅತ್ತೆಯ ಮುಖ ಅರಳಿತು.

"ಭಾಳ ಚಲೋ ಐತೆವಾ ಇದು. ಕೈ ಸುಡೂದ ಇಲ್ಲ ನೋಡು. ಬಾಜೂ ಮನಿ ಶಾಂತವ್ವಗ ತೋರಿಸಿದೆ, ಅಕಿ ಹೊಟ್ಟೀಕಿಚ್ಚಿನಿಂದ ಮಾತ ಆಡಲಿಲ್ಲ."

"ಅತ್ತಿ, ಅದು ಕೈಗವುಸ ಅಲ್ರಿ. ಅದು ಲ್ಯಾಬಿಂದು. ನೀವು ಬಡದ್ರ ಅಲ್ಲಿ ಪೋರ್ಚುಗಲ್‌ನ್ಯಾಗ ಒಬ್ಬಾಕಿ ಕೈ ಬಡಕೊಳ್ಳಾಕತ್ತೇತ್ರಿ."

ಅತ್ತೆ ತಮ್ಮ ಕೈ ನೋಡಿಕೊಂಡರು. ಹೆದರುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಬೇರೆ.

"ಹಿಟ್ಟಿಲ್ಲದ ಬಡ್ಯಾಕತ್ತಾಳ? ಪಾಪ, ಕೈ ನೋಯ್ತಾವಲ್ಲ ಅಕಿಗೆ."

ನಾನು ಫೋನಿನಲ್ಲಿ ಇನೇಸಳಿಗೆ ಕ್ಷಮೆ ಕೇಳಿ, ಈಗಲೇ ತೆಗೆಸುತ್ತೇನೆ ಎಂದೆ. ಅವಳು ಬೇಡ ಬೇಡ ಎಂದು ಕೂಗಿದಳು. ತನ್ನ ಅಜ್ಜಿ ತೀರಿಕೊಂಡ ಮೇಲೆ ಯಾರೂ ತನ್ನ ಕೈ ಹಿಡಿದು ಏನನ್ನೂ ಕಲಿಸಿರಲಿಲ್ಲವಂತೆ. ಬುಟ್ಟಿ ತುಂಬುವವರೆಗೆ ಹಾಗೆಯೇ ಬಿಡು ಎಂದಳು. ಅಂದು ನಮ್ಮ ಮನೆಯಲ್ಲಿ ರೊಟ್ಟಿ ಹೆಚ್ಚಾಗಿ ಶಾಂತವ್ವನ ಮನೆಗೂ ಕೊಟ್ಟೆವು.

ಅಲ್ಲಿಂದ ಅದೊಂದು ರೂಢಿಯೇ ಆಯಿತು. ನನ್ನ ಪ್ರಯೋಗ ಇಲ್ಲದ ಸಂಜೆಗಳಲ್ಲಿ ಪೊರೆ ಅತ್ತೆಯದು. ಇಲ್ಲಿಂದ ಪೋರ್ಚುಗಲ್ಲಿಗೆ ಹೋಗುವ ನಿಯೋಗದವರ ಸೂಟ್‌ಕೇಸಿನಲ್ಲಿ ನಾನು ಬಿಳಿಜೋಳದ ಹಿಟ್ಟು ತುರುಕುತ್ತಿದ್ದೆ. ಒಮ್ಮೆ ನಮ್ಮ ಡೀನರನ್ನು ಕಸ್ಟಮ್ಸಿನವರು ಆ ಬಿಳಿ ಪುಡಿಗಾಗಿ ಕೂರಿಸಿಕೊಂಡು ಬೆವರಿಳಿಸಿದರು. ವಾಪಸು ಬಂದ ಮೇಲೆ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು. ಇನೇಸ್ ಹಿಟ್ಟು ನಾದಲು ಕಲಿತಳು. ಅವಳ ಮೊದಲ ರೊಟ್ಟಿ ಪರದೆಯ ಮೇಲೆ ಕಂಡಾಗ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಅವಳೂ ನಕ್ಕಳು. ಅತ್ತೆಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ಒಬ್ಬರನ್ನೊಬ್ಬರು ಎದುರುಬದುರು ನೋಡಿದ್ದೇ ಇಲ್ಲ. ಆದರೂ ಇನೇಸಳಿಗೆ ಜ್ವರ ಬಂದ ದಿನ ಅತ್ತೆಗೆ ಗೊತ್ತಾಗಿತ್ತು.

"ಇನೇಸವ್ವನ ಕೈಯಾಗ ಇವತ್ತ ಕಸುವಿಲ್ಲ. ಕೇಳವಾ ಏನಾಗೇತಿ ಅಂತ" ಎಂದು ನನ್ನ ಬೆನ್ನು ಹತ್ತಿ ಫೋನು ಮಾಡಿಸಿದ್ದರು.

ಅವಳ ಪ್ರೊಫೆಸರು ಮಾತ್ರ ಗೊಣಗುತ್ತಿದ್ದರು. ಇನೇಸಳ ಪೊರೆಗೆ ರೊಟ್ಟಿಯ ರೂಢಿ ಹತ್ತಿ, ಅವಳು ದ್ರಾವಣದ ಫ್ಲಾಸ್ಕ್ ಅಲ್ಲಾಡಿಸಿದರೂ ಅದೇ ತಾಳ ಬರುತ್ತಿತ್ತಂತೆ. ಇಂಥ ಪೊರೆ ಪ್ರಯೋಗಕ್ಕೆ ಕೆಟ್ಟಿತು, ಬಿಸಾಡು ಎಂದರಂತೆ. ಅವಳು ಬಿಸಾಡಲಿಲ್ಲ. ಪ್ರಯೋಗಕ್ಕೆ ಬೇರೆ ಜೋಡಿ ತರಿಸಿಕೊಂಡು ಇದನ್ನು ಹಾಗೆಯೇ ಇಟ್ಟುಕೊಂಡಳು.

ಆ ವರ್ಷಗಳೇ ಬೇರೆ. ಜೋಡಿಪೊರೆಯ ಪ್ರಯೋಗ ನಡೆಯುತ್ತಿದ್ದ ನಮ್ಮ ವಿಭಾಗದ ಸಾಲು ಕೋಣೆಗಳಿಗೆ ಹುಡುಗರು ಪೋರ್ಚುಗಲ್ ಓಣಿ ಎಂದು ಹೆಸರಿಟ್ಟಿದ್ದರು. ಸಂಜೆ ಆ ಓಣಿಯಲ್ಲಿ ಹಾಯ್ದರೆ ಪ್ರತಿ ಮೇಜಿನಲ್ಲೂ ಒಬ್ಬರು ಕೂತು, ಕಾಣದವರ ಜೊತೆ ಕೈ ಆಡಿಸುತ್ತಿದ್ದರು. ಇಂಡಿ ತಾಲೂಕಿನ ರೈತರ ಮಗಳೊಬ್ಬಳು ಅಲ್ಲಿಯ ಮೀನುಗಾರನ ಮಗನಿಗೆ ಲೇಪನ ಕಲಿಸಿದಳು. ಅವರು ಜಗಳವಾಡಿದರೆ ಎರಡೂ ಕಡೆ ಬೀಕರು ಒಡೆಯುತ್ತಿದ್ದವು. ಪರೀಕ್ಷೆ ಮುಗಿದ ದಿನ ಹುಡುಗರು ಏನೂ ಕೆಲಸವಿಲ್ಲದೆ ಪೊರೆ ತೊಟ್ಟು ಕೂತು, ಪರಸ್ಪರ ಕೈ ಕುಲುಕುತ್ತಿದ್ದರು. ನಾವೆಲ್ಲ ಇದು ಹೀಗೆಯೇ ಇರುತ್ತದೆ ಅಂದುಕೊಂಡಿದ್ದೆವು.

ಇರಲಿಲ್ಲ. ಯಾರೂ ಜಗಳವಾಡಿ ಮುರಿದುಕೊಂಡದ್ದಲ್ಲ. ಲೇಪನ ಮಾಡುವ ಯಂತ್ರಗಳು ಬಂದವು, ಅವಕ್ಕೆ ಕೈ ಬೇಡವಾಗಿತ್ತು. ಎರಡೂ ಸರಕಾರಗಳ ಒಲವು ಬೇರೆ ವಿಷಯಗಳ ಕಡೆ ಹೊರಳಿತು. ಒಪ್ಪಂದವನ್ನು ಒಮ್ಮೆ ನವೀಕರಿಸಿದರು, ಮುಂದಿನ ಸಲ ಕಾಗದದ ಮೇಲೆ ಅವಧಿ ಮಾತ್ರ ಮುಂದೂಡಿದರು, ಆಮೇಲೆ ಯಾರಿಗೂ ನೆನಪಾಗಲಿಲ್ಲ. ಪೋರ್ಚುಗಲ್ ಓಣಿಯಲ್ಲಿ ಮುರಿದ ಕುರ್ಚಿ ತುಂಬಿದರು. ನಾನು ನಿವೃತ್ತಳಾದೆ. ಇನೇಸ್ ಅಲ್ಲಿ ವಿಭಾಗದ ಮುಖ್ಯಸ್ಥೆಯಾದಳು. ಹಬ್ಬಕ್ಕೊಮ್ಮೆ ಮಾತಾಡುತ್ತಿದ್ದೆವು, ಆಮೇಲೆ ಅದೂ ಕಡಿಮೆಯಾಯಿತು.

ಹೋದ ವರ್ಷ ಶ್ರಾವಣದಲ್ಲಿ ಅತ್ತೆಗೆ ಲಕ್ವ ಹೊಡೆಯಿತು.

ಜೀವ ಉಳಿಯಿತು. ಮಾತು ತೊದಲಿ ತೊದಲಿ ವಾಪಸು ಬಂತು. ಕಾಲು ತಕ್ಕಮಟ್ಟಿಗೆ ಬಂತು. ಬಲಗೈ ಬರಲಿಲ್ಲ. ಮಡಿಲಲ್ಲಿ ಇಟ್ಟಲ್ಲೇ ಇರುತ್ತಿತ್ತು. ಎಡಗೈಯಿಂದ ಊಟ ಮಾಡಲು ಅವರು ಸುತಾರಾಂ ಒಪ್ಪಲಿಲ್ಲ. ನಾನು ತಿನ್ನಿಸಿದರೆ ಗೋಡೆ ನೋಡುತ್ತ ನುಂಗುತ್ತಿದ್ದರು. ಹಿಂದೆ ನನ್ನ ಅಡುಗೆಯಲ್ಲಿ ದಿನಕ್ಕೊಂದು ಐಬು ಹುಡುಕಿ, ನನ್ನನ್ನು ಕೆಣಕಿ, ನಗಿಸಿ ಊಟ ಮಾಡುತ್ತಿದ್ದ ಹೆಂಗಸು. ಈಗ ಉಪ್ಪಿಲ್ಲದ ಸಾರು ಕೊಟ್ಟರೂ ಚಕಾರವಿಲ್ಲ. ನಾನು ಒಂದೆರಡು ಸಲ ಬೇಕೆಂತಲೇ ಉಪ್ಪು ಹಾಕದೆ ನೋಡಿದೆ. ಅವರು ಬೈಯಲಿ ಎಂದು ಎಷ್ಟು ಹಂಬಲಿಸಿದೆನೋ ನನಗೇ ಗೊತ್ತು.

ಫಿಜಿಯೋಥೆರಪಿ ಮಾಡುವ ಡಾಕ್ಟರು ರೇಷ್ಮಾ ಜಮಾದಾರ ಎಂಬ ಚುರುಕಾದ ಹುಡುಗಿ. ಯಂತ್ರದ ಕೈಗವಸು ತಂದು ಅತ್ತೆಯ ಬೆರಳುಗಳನ್ನು ಮುಚ್ಚಿ ತೆರೆದು ಮಾಡಿಸುತ್ತಿದ್ದಳು. ಯಂತ್ರ ಇದ್ದಷ್ಟು ಹೊತ್ತು ಬೆರಳು ಆಡುತ್ತಿದ್ದವು, ತೆಗೆದರೆ ಮತ್ತೆ ಹಾಗೇ.

"ಇದು ಯಾರ ಕೈಯವಾ? ನಂದಲ್ಲ" ಎಂದರು ಅತ್ತೆ ಒಂದು ದಿನ.

ರೇಷ್ಮಾ ನನ್ನನ್ನು ಹೊರಗೆ ಕರೆದಳು. "ಮೇಡಂ, ನಾ ಖರೇ ಹೇಳ್ತೀನ್ರಿ. ಯಂತ್ರ ಕೈ ಎಬ್ಬಿಸ್ತೈತಿ, ಮೆದುಳ ಎಬ್ಬಸೂದಿಲ್ಲ. ಅವರಿಗೆ ಹಳೇ ರೂಢಿ ಇರೂ ಕೆಲಸ, ಅವರದ ಲಯದಾಗ, ಕೈಗೆ ಮುಟ್ಟಬೇಕ್ರಿ. ಈ ಒಂದೆರಡು ತಿಂಗಳದಾಗ ಎಚ್ಚರ ಆಗಲಿಲ್ಲಂದ್ರ ಮುಂದ ಕೈ ಸೆಟಕೊಂಡ ಬಿಡ್ತೈತಿ."

ಅತ್ತೆಯ ಕೈಗೆ ಅವರದೇ ಲಯ ಎಲ್ಲಿಂದ ತರುವುದು? ಅದನ್ನು ಯೋಚಿಸುತ್ತ ಹಂಚಿನ ಮುಂದೆ ನಿಂತಿದ್ದೆ. ನಾನು ಬಡಿಯುವ ರೊಟ್ಟಿ ಅತ್ತೆಯ ರೊಟ್ಟಿಯಲ್ಲ. ನಲವತ್ತು ವರ್ಷ ಪಕ್ಕದಲ್ಲಿ ನಿಂತರೂ ನನಗೆ ಆ ಕೈ ಹತ್ತಲಿಲ್ಲ, ಪ್ರಯೋಗಾಲಯದಿಂದ ಬಂದು ಅವರು ಬಡಿದದ್ದನ್ನು ತಿನ್ನುವುದೇ ನನ್ನ ಕೆಲಸವಾಗಿತ್ತು. ಆ ಕೈಯನ್ನು ಕೈಯಾರೆ ಕಲಿತವಳು ಈ ಲೋಕದಲ್ಲಿ ಒಬ್ಬಳೇ. ಒಲೆ ಆರಿಸಿ ಫೋನು ಎತ್ತಿಕೊಂಡೆ.

ಫೋನಿನ ಪರದೆಯಲ್ಲಿ ಇನೇಸ್ ಕಂಡಳು. ಅವಳ ಕೂದಲೂ ನರೆತಿತ್ತು. ಸುದ್ದಿ ಕೇಳಿದವಳೇ ಎದ್ದುಹೋಗಿ ಒಂದು ಚಪ್ಪಟೆ ಪೆಟ್ಟಿಗೆ ತಂದು ತೋರಿಸಿದಳು. ತೇವದ ಅನಿಲ ತುಂಬಿ ಮುಚ್ಚಿದ ಪೆಟ್ಟಿಗೆಯೊಳಗೆ ಪೊರೆ ಮಡಚದೆ ಹಾಗೆಯೇ ಇತ್ತು.

"ಇದರಲ್ಲಿ ಇನ್ನೂ ಅವರ ಕೈ ಇದೆ. ಆದರೆ ನೀಲಾ, ಇದು ಹಳೆಯ ಕೊಂಡಿಯಲ್ಲಿ ಮಾತ್ರ ಮಾತಾಡುತ್ತದೆ. ನಿಮ್ಮ ಕಟ್ಟಡದಲ್ಲಿರುವ ಸರ್ವರು ಇನ್ನೂ ಇದೆಯಾ?" ಎಂದು ಕೇಳಿದಳು.

ಇತ್ತು, ಆದರೆ ಹೆಚ್ಚು ದಿನ ಇರುವುದಿರಲಿಲ್ಲ. ಒಪ್ಪಂದದ ಕೊನೆಯ ಅವಧಿ ಆ ತಿಂಗಳಿಗೆ ಮುಗಿಯುತ್ತಿತ್ತು, ಮುಗಿದ ಮೇಲೆ ಕೊಂಡಿ ಕಳಚಿ ಸರ್ವರು ಗುಜರಿಗೆ ಎಂದು ತೀರ್ಮಾನವಾಗಿತ್ತು. ವಿಭಾಗದ ಈಗಿನ ಮುಖ್ಯಸ್ಥ ಶ್ರೀಶೈಲ ಬಿರಾದಾರ, ನನ್ನ ಹಳೆಯ ವಿದ್ಯಾರ್ಥಿ. ಕ್ಲಾಸಿನಲ್ಲಿ ಪಕ್ಕದವನಿಗೆ ಪೆನ್ನು ಕೊಡಲೂ ನನ್ನ ಅನುಮತಿ ಕೇಳುತ್ತಿದ್ದವನು. ಅವನ ಕೋಣೆಗೆ ಹೋಗಿ ಎಲ್ಲ ಹೇಳಿದೆ.

"ಮೇಡಂ, ನಿಮಗ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ರಿ. ಆದ್ರ ಕರಾರಿನ್ಯಾಗ ಸ್ಪಷ್ಟ ಐತಿ. ಜಂಟಿ ಪಾಠಕ್ಕ, ಜಂಟಿ ಸಂಶೋಧನೆಗೆ ಮಾತ್ರ ಕೊಂಡಿ ಬಳಸಬೇಕು. ಮನಿ ಕೆಲಸಕ್ಕ ಬಳಸಿದ್ರ ಎರಡೂ ಕಡೆ ಉತ್ತರ ಹೇಳಬೇಕಾಕ್ಕೈತಿ."

"ಹಂಗಾರ ಪಾಠನ ಮಾಡ್ತೀನಿ" ಎಂದೆ.

"ಯಾವ ಪಾಠರಿ?"

"ಜ್ವಾಳದ ಹಿಟ್ಟಿನ ಹರಿವಿನ ಗುಣ. ಗೋಧಿಯೊಳಗ ಜಿಗುಟು ಐತಿ, ಜ್ವಾಳದಾಗ ಇಲ್ಲ. ಅಂದ ಮ್ಯಾಲ ರೊಟ್ಟಿ ಹರೀದ ಹೆಂಗ ನಿಲ್ತೈತಿ? ನಿನಗ ಗೊತ್ತೇನು?"

ಶ್ರೀಶೈಲ ತಲೆ ಕೆರೆದುಕೊಂಡ. ಬಿಸಿ ಎಸರಿಗೆ ಪಿಷ್ಟ ಉಬ್ಬಿ ಅಂಟಾಗುತ್ತದೆ ಎಂಬಷ್ಟು ಹೇಳಿ ನಿಲ್ಲಿಸಿದ. ಬಡಿದಾಗ ಅದು ಏಕೆ ಹಿಗ್ಗುತ್ತದೆ, ಒತ್ತಿ ಎಳೆದರೆ ಏಕೆ ಹರಿಯುತ್ತದೆ ಎಂದು ಕೇಳಿದೆ. ಅವನು ನಕ್ಕುಬಿಟ್ಟ.

"ಪಾಠ ಅಂದ್ರ ಖರೇನ ಪಾಠ ಆಗಬೇಕ್ರಿ ಮೇಡಂ. ಎರಡೂ ಕಡೆ ಹುಡುಗರು ಇರಬೇಕು. ಒಂದ ಪಿರಿಯಡ್ಡು. ಅದ ಕಡೀದು."

ಹುಡುಗರೇ ಕುರ್ಚಿ ಹೊರಗೆ ಹಾಕಿ ಪೋರ್ಚುಗಲ್ ಓಣಿಯ ಒಂದು ಕೋಣೆ ಗುಡಿಸಿದರು. ನಮ್ಮ ಕಡೆಯ ಪೊರೆ ವಿಭಾಗದ ಉಗ್ರಾಣದಲ್ಲಿತ್ತು, ಹೆಬ್ಬೆರಳಿನ ಬುಡದಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಒದ್ದೆ ಅರಿವೆಯಲ್ಲಿ ಸುತ್ತಿ ಹದಕ್ಕೆ ತಂದೆ. ಇನೇಸ್ ಅಲ್ಲಿ ಭಾರತದವರ ಅಂಗಡಿ ಹುಡುಕಿ ಜೋಳದ ಹಿಟ್ಟು ತಂದಿದ್ದಳು.

ಅತ್ತೆಯನ್ನು ಗಾಲಿ ಕುರ್ಚಿಯಲ್ಲಿ ಕರೆತಂದಾಗ ಅವರು ಯಾಕೆ ಏನು ಎಂದು ಕೇಳಲಿಲ್ಲ. ಗೋಡೆಯ ಮೇಲಿನ ಪರದೆಯಲ್ಲಿ ಇನೇಸ್ ಕಂಡಳು, ಅವಳ ಹಿಂದೆ ಅಲ್ಲಿಯ ವಿದ್ಯಾರ್ಥಿಗಳು. "ಅತ್ತಿ, ಆರಾಮ?" ಎಂದಳು. ಅಷ್ಟು ಕನ್ನಡ ಅವಳಿಗೆ ಬರುತ್ತಿತ್ತು. ಅತ್ತೆ ಅವಳನ್ನು ನೋಡಿ ಕಣ್ಣು ಕೆಳಗೆ ಹಾಕಿದರು. ಹೀಗಾದ ಕೈಯನ್ನು ಅವಳಿಗೆ ತೋರಿಸಲು ಅವರಿಗೆ ನಾಚಿಕೆಯಾಗಿತ್ತು. ಬಲಗೈಯ ಮೇಲೆ ಸೆರಗು ಎಳೆದುಕೊಂಡರು.

ನಾನು ಪಾಠ ಶುರು ಮಾಡಿದೆ. ಹಿಟ್ಟಿನ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಹುಡುಗರು ಗಮನವಿಟ್ಟು ಕೇಳಿದರು. ಆಮೇಲೆ ಪೊರೆಯನ್ನು ಅತ್ತೆಯ ಕೈಗೆ ತೊಡಿಸಿ ಪಟ್ಟಿ ಬಿಗಿದೆ. ಪಕ್ಕದ ಪರದೆಯಲ್ಲಿ ಸಂಕೇತಗಳ ಗೆರೆ ಮೂಡಿದವು. ಅಲ್ಲಿಂದ ಇಲ್ಲಿಗೆ ಬರುವುದು ಹಸಿರು, ಇಲ್ಲಿಂದ ಅಲ್ಲಿಗೆ ಹೋಗುವುದು ಕೇಸರಿ.

ಇನೇಸ್ ಹಿಟ್ಟಿನ ಉಂಡೆ ಇಟ್ಟು ಬಡಿಯತೊಡಗಿದಳು. ಹಸಿರು ಗೆರೆ ಏರಿಳಿಯಿತು. ನಾವು ಪರಾತದ ಅಗಲ ತಟ್ಟೆಯಲ್ಲಿ ಇಟ್ಟಿದ್ದ ಹಿಟ್ಟಿನ ಮೇಲೆ ಅತ್ತೆಯ ಕೈ ಎದ್ದು ಬಿದ್ದಿತು, ಎದ್ದು ಬಿದ್ದಿತು. ಜೀವವಿಲ್ಲದ ಕೈಯನ್ನು ಯಾರೋ ಎತ್ತಿ ಹಾಕುವ ಹಾಗೆ. ರೇಷ್ಮಾ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು. ಕೇಸರಿ ಗೆರೆ ಸಪಾಟಾಗಿತ್ತು. ಮೊದಲ ರೊಟ್ಟಿ ಹಾಗೆಯೇ ಮುಗಿಯಿತು. ಎರಡನೆಯದೂ ಅಷ್ಟೇ. ಪೊರೆಯ ಬಿರುಕು ದೊಡ್ಡದಾಗುತ್ತಿತ್ತು. ಶ್ರೀಶೈಲ ಗಡಿಯಾರ ನೋಡಿದ. ನನಗೆ ಅಳು ಬಂತು. ಇಷ್ಟು ಜನರ ಮುಂದೆ ಅತ್ತೆಯನ್ನು ಕೂರಿಸಿ ಅವರ ಮಾನ ಕಳೆದೆ ಅನ್ನಿಸಿತು.

ಇನೇಸ್ ಸುಸ್ತಾಗಿದ್ದಳು. ಹಣೆಯ ಮೇಲೆ ಹಿಟ್ಟು ಮೆತ್ತಿತ್ತು. ಮೂರನೆಯ ಉಂಡೆ ಇಟ್ಟು ಬಡಿಯುವಾಗ ಅವಳ ಕೈ ಅವಸರಕ್ಕೆ ಬಿತ್ತು. ನಡುವೆ ಬಡಿಯುತ್ತಿದ್ದಳು, ಅಂಚಿಗೆ ಬರುತ್ತಿರಲಿಲ್ಲ. ರೊಟ್ಟಿ ನಡುವೆ ತೆಳ್ಳಗಾಗಿ, ಸುತ್ತ ಬದುವಿನ ಹಾಗೆ ದಪ್ಪಗೆ ಉಳಿಯಿತು. ಇನ್ನೆರಡು ಏಟು ಬಿದ್ದರೆ ನಡುವೆ ಹರಿಯುವುದು ಖಂಡಿತ.

ಅತ್ತೆ ಪರದೆ ನೋಡುತ್ತಿದ್ದರು. ಅವರ ಹುಬ್ಬು ಗಂಟಿಕ್ಕಿತು. ಎಷ್ಟು ತಿಂಗಳ ಮೇಲೆ ಆ ಹುಬ್ಬು ಗಂಟಿಕ್ಕಿದ್ದು!

"ಹಂಗಲ್ಲ" ಎಂದರು ತೊದಲುತ್ತ.

ಇನೇಸಳಿಗೆ ಅದು ಕೇಳಿಸಲಿಲ್ಲ. ಮತ್ತೆ ನಡುವೆಯೇ ಬಡಿದಳು.

"ಏ... ಹಂಗಲ್ಲ ಅಂದ್ರ! ಅಂಚು. ಅಂಚಿಗೆ ಬಾ."

ಇನೇಸ್ ಚೀರಿದಳು. ಎರಡೂ ಕಡೆಯ ಹುಡುಗರು ಬೆಚ್ಚಿದರು. ಅವಳು ತನ್ನ ಬಲಗೈಯನ್ನು ಎಡಗೈಯಿಂದ ತೋರಿಸುತ್ತಿದ್ದಳು. "ತಳ್ಳಿದರು! ನೀಲಾ, ನನ್ನ ಕಿರುಬೆರಳನ್ನು ತಳ್ಳಿದರು!"

ನಾನು ಪಕ್ಕದ ಪರದೆಯ ಕಡೆ ತಿರುಗಿದೆ. ಹಸಿರಿನ ಕೆಳಗೆ ಸಪಾಟಾಗಿ ಬಿದ್ದಿದ್ದ ಕೇಸರಿ ಗೆರೆ ಒಂದು ಕಡೆ ಚೂರು ಎದ್ದಿತ್ತು. ನೋಡುತ್ತಿದ್ದಂತೆ ಮತ್ತೊಂದು ಸಲ ಎದ್ದಿತು. ಪರಾತದಲ್ಲಿ ಅತ್ತೆಯ ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ನಡುಗುತ್ತ ಹಿಟ್ಟಿನ ಅಂಚನ್ನು ಒತ್ತುತ್ತಿದ್ದವು. ಯಾರೂ ಅವನ್ನು ಎತ್ತಿರಲಿಲ್ಲ. ಇನೇಸ್ ಆಗ ಕೈ ನಿಲ್ಲಿಸಿದ್ದಳು.

ರೇಷ್ಮಾ ಮೊಣಕಾಲೂರಿ ಕೂತು ಅತ್ತೆಯ ಮಣಿಕಟ್ಟು ಹಿಡಿದು ನೋಡಿದಳು. ಅವಳ ಕಣ್ಣಲ್ಲಿ ನೀರು. "ಅಜ್ಜಿ, ಮತ್ತೊಮ್ಮೆ ಮಾಡ್ರಿ" ಎಂದಳು. ಅತ್ತೆಗೆ ಅವಳ ಕಡೆ ಲಕ್ಷ್ಯವೇ ಇರಲಿಲ್ಲ. ಅವರ ದೃಷ್ಟಿ ಪೋರ್ಚುಗಲ್ಲಿನ ಆ ಕೆಟ್ಟ ರೊಟ್ಟಿಯ ಮೇಲಿತ್ತು. ಬೆರಳು ಇನ್ನೊಂದು ಸಲ ಒತ್ತಿತು, ಆಮೇಲೆ ತಿರುಗಿಸಲು ನೋಡಿತು, ಆಗಲಿಲ್ಲ. ಅಲ್ಲಿ ಇನೇಸ್ ಅಳುತ್ತ ನಗುತ್ತ, ಆ ಒತ್ತುವಿಕೆ ಕಳಿಸಿದ ಕಡೆಗೆಲ್ಲ ತನ್ನ ಕೈ ಬಿಟ್ಟುಕೊಟ್ಟು ಅಂಚು ಸರಿ ಮಾಡಿದಳು. ರೊಟ್ಟಿ ಗುಂಡಗೇನೂ ಆಗಲಿಲ್ಲ. ಆದರೆ ಹರಿಯಲಿಲ್ಲ.

ನಾನು ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತು ಅವರ ಮಡಿಲಿಗೆ ತಲೆ ಇಟ್ಟುಬಿಟ್ಟೆ. ನನ್ನ ವಿದ್ಯಾರ್ಥಿ, ಅವನ ವಿದ್ಯಾರ್ಥಿಗಳು, ಪೋರ್ಚುಗಲ್ಲಿನವರು, ಎಲ್ಲರೂ ನೋಡುತ್ತಿದ್ದರು. ನೋಡಲಿ.

"ಏಳವಾ, ಸೀರಿಗೆ ಹಿಟ್ಟು ಹತ್ತತೈತಿ" ಎಂದರು ಅತ್ತೆ.

ಶ್ರೀಶೈಲ ಬಾಗಿಲ ಬಳಿ ನಿಂತು ಗಂಟಲು ಸರಿಮಾಡಿಕೊಂಡ. ಅವನ ಕಣ್ಣೂ ಕೆಂಪಾಗಿತ್ತು, ಆದರೂ ಹುಟ್ಟುಗುಣ ಎಲ್ಲಿಗೆ ಹೋದೀತು. "ಮೇಡಂ, ಪಿರಿಯಡ್ ಮುಗೀತ್ರಿ. ಇನ್ನ ಕೊಂಡಿ ಕಳಚಬೇಕು."

ಅತ್ತೆ ನಿಧಾನಕ್ಕೆ ಅವನ ಕಡೆ ತಿರುಗಿದರು.

"ಯಾರಂವ? ಸುಮ್ನ ಕುಂದ್ರಾಕ ಹೇಳ ಅವಗ" ಎಂದರು. ಆಮೇಲೆ ನನಗೆ, "ಇನೇಸವ್ವಗ ಹೇಳು. ಇನ್ನೊಂದು ಉಂಡಿ ತಗೋ ಅನ್ನು."

ಶ್ರೀಶೈಲ ಕುಳಿತ. ನಾನು ಹೇಳಿದೆ. ಇನೇಸ್ ತೋಳಿನಿಂದ ಕಣ್ಣೊರೆಸಿಕೊಂಡು ಹಿಟ್ಟಿಗೆ ಕೈ ಹಾಕಿದಳು. ಇಲ್ಲಿ ಅತ್ತೆಯ ಬೆರಳು ಅವಳಿಗಿಂತ ಮೊದಲೇ ಬಾಗಿದ್ದವು.